ಸಿಗಾರ್ ಎಲ್ಲಿ ಕತ್ತರಿಸಬೇಕು, ಎಷ್ಟು ಕತ್ತರಿಸಬೇಕು?

ಪ್ರಶ್ನೆ: ನನ್ನ ತಮ್ಮ ದುಬೈನಿಂದ ಬರುವಾಗ ಏಳೆಂಟು ಸಿಗಾರ್ ತಂದುಕೊಟ್ಟ. ನನಗೆ ಇದು ಹೊಸದು. ನಮ್ಮ ತಾತ ಚುಟ್ಟಾ ಸೇದುತ್ತಿದ್ದರು, ಆದರೆ ಅವರು ತುದಿ ಕತ್ತರಿಸಿದ್ದನ್ನು ನಾನು ನೋಡಿಲ್ಲ. ಮೊದಲನೇ ಸಿಗಾರನ್ನು ಅಡುಗೆಮನೆ ಚಾಕುವಿನಲ್ಲಿ ಅರ್ಧ ಇಂಚಿನಷ್ಟು ಕತ್ತರಿಸಿದೆ. ಸ್ವಲ್ಪ ಹೊತ್ತಿಗೇ ಮೇಲಿನ ಎಲೆ ಬಿಚ್ಚಿಕೊಂಡು ಬಾಯಿತುಂಬ ತಂಬಾಕಿನ ಚೂರು. ಎರಡನೆಯದಕ್ಕೆ ಗೆಳೆಯನ ಹತ್ತಿರ ಇದ್ದ ಪಂಚ್‌ನಿಂದ ತೂತು ಮಾಡಿದೆ. ಎಲೆ ಬಿಚ್ಚಲಿಲ್ಲ, ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಬಾಯೆಲ್ಲ ಕಹಿ. ಉಳಿದವುಗಳಲ್ಲಿ ಎರಡು ಮೊನಚು ತಲೆಯವು. ಎಲ್ಲಿ, ಎಷ್ಟು, ಯಾವುದರಿಂದ ಕತ್ತರಿಸಬೇಕು?
ಓದುಗರು, ಮೈಸೂರು

ಉತ್ತರ: ಸಿಗಾರ್‌ಗಳ ಬಗ್ಗೆ ಅನುಮಾನ ಬೇಡ. ಮೊದಲನೆಯದನ್ನು ನೀವು ತುಂಬ ಕೆಳಗೆ ಕತ್ತರಿಸಿದಿರಿ. ಎರಡನೆಯದರಲ್ಲಿ ಹೊಗೆ ಬರುವ ದಾರಿ ಸಾಲಲಿಲ್ಲ. ಹೊಸಬರಿಗೆ ಆಗುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡೇ. ಸಿಗಾರಿನ ತಲೆಯನ್ನು ಹೇಗೆ ಕಟ್ಟಿರುತ್ತಾರೆ ಅಂತ ಒಮ್ಮೆ ಸರಿಯಾಗಿ ನೋಡಿಕೊಂಡರೆ ಎರಡನ್ನೂ ತಪ್ಪಿಸಬಹುದು.

ತಾತನ ಚುಟ್ಟಾದಿಂದಲೇ ಶುರುಮಾಡೋಣ. ತಿರುಚಿರಾಪಳ್ಳಿಯ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನವರೆಗೂ ಹೋಗುತ್ತಿತ್ತು. ಅದನ್ನು ಸುತ್ತಿದ ಮೇಲೆ ಎರಡೂ ತುದಿಗಳನ್ನು ಅಲ್ಲೇ ಸಮನಾಗಿ ಕತ್ತರಿಸಿಬಿಡುತ್ತಾರೆ. ಎರಡೂ ಕಡೆ ತೆರೆದೇ ಇರುತ್ತದೆ. ಬಾಯಿಗಿಟ್ಟು ಹಚ್ಚಿದರೆ ಮುಗಿಯಿತು, ಕತ್ತರಿಸುವ ಮಾತೇ ಇಲ್ಲ. ಕ್ಯೂಬಾ, ನಿಕರಾಗುವಾ, ಡೊಮಿನಿಕನ್ ರಿಪಬ್ಲಿಕ್ ಕಡೆಯ ಸಿಗಾರ್ ಹಾಗಲ್ಲ. ಹಚ್ಚುವ ತುದಿ ತೆರೆದಿರುತ್ತದೆ, ಬಾಯಿಗಿಡುವ ತುದಿ ಮುಚ್ಚಿರುತ್ತದೆ.

ಯಾಕೆ ಮುಚ್ಚುತ್ತಾರೆ ಅಂದರೆ, ಸಿಗಾರಿನ ಮೇಲಿನ ಹೊದಿಕೆ ಎಲೆ ತುಂಬ ತೆಳು. ಅದನ್ನು ಹಚ್ಚುವ ತುದಿಯಿಂದ ಶುರುಮಾಡಿ ಓರೆಯಾಗಿ ಸುತ್ತುತ್ತಾ ತಲೆಯವರೆಗೆ ತರುತ್ತಾರೆ. ತಲೆಗೆ ಬಂದಾಗ ಆ ಎಲೆಯ ಕೊನೆಯನ್ನು ಎಲ್ಲಾದರೂ ಭದ್ರ ಮಾಡಲೇಬೇಕು, ಇಲ್ಲದಿದ್ದರೆ ಅದು ಬಂದ ದಾರಿಯಲ್ಲೇ ಬಿಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಅದೇ ಎಲೆಯಿಂದ ನಾಣ್ಯದಷ್ಟು ದುಂಡಗಿನ ಒಂದು ತುಂಡು ಕತ್ತರಿಸಿ, ರುಚಿಯಿಲ್ಲದ ಸಸ್ಯದ ಅಂಟು ಸವರಿ, ತಲೆಯ ಮೇಲೆ ಕೂರಿಸುತ್ತಾರೆ. ಇದೇ ಕ್ಯಾಪ್. ಇಡೀ ಹೊದಿಕೆಯನ್ನು ಹಿಡಿದಿಟ್ಟಿರುವುದು ಈ ಪುಟ್ಟ ತುಂಡು. ನಿಮ್ಮ ಚಾಕು ಅರ್ಧ ಇಂಚು ಅಂದರೆ ಹನ್ನೆರಡು ಮಿಲಿಮೀಟರಿಗಿಂತ ಜಾಸ್ತಿ ಕೆಳಗೆ ಹೋಯಿತು. ಕ್ಯಾಪ್ ಪೂರ್ತಿ ಹಾರಿಹೋಯಿತು. ಆಮೇಲೆ ಎಲೆ ಬಿಚ್ಚಿಕೊಳ್ಳದೆ ಇನ್ನೇನು ಮಾಡೀತು?

ಈಗ ಉಳಿದವುಗಳಲ್ಲಿ ದುಂಡು ತಲೆಯದೊಂದನ್ನು ಕೈಗೆ ತೆಗೆದುಕೊಂಡು ಕಿಟಕಿ ಬೆಳಕಿನಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ತಲೆಯಿಂದ ಸ್ವಲ್ಪ ಕೆಳಗೆ, ಸುತ್ತಲೂ ಒಂದು ಸಣ್ಣ ಗೆರೆ ಕಾಣುತ್ತದೆ. ಉಗುರು ಆಡಿಸಿದರೆ ಬೆರಳಿಗೂ ಗೊತ್ತಾಗುತ್ತದೆ. ಅದು ಕ್ಯಾಪಿನ ಅಂಚು. ಕ್ಯೂಬಾದ ಸಿಗಾರ್ ಆದರೆ ಒಂದರ ಕೆಳಗೊಂದು ಮೂರು ಗೆರೆ ಕಾಣಬಹುದು, ಅಲ್ಲಿ ತಲೆಯನ್ನು ಮೂರು ಸುತ್ತಿನಲ್ಲಿ ಮುಗಿಸುವ ರೂಢಿ ಇದೆ. ಇನ್ನೊಂದು ಗುರುತೂ ಬೇಕು. ಸಿಗಾರನ್ನು ಅಡ್ಡ ಹಿಡಿದು ಪಕ್ಕದಿಂದ ನೋಡಿ. ತಲೆಯ ದುಂಡು ಮುಗಿದು ಮೈ ನೇರವಾಗುವ ಒಂದು ಜಾಗ ಇರುತ್ತದೆ. ಅದನ್ನು ಹೆಗಲು ಅನ್ನುತ್ತಾರೆ. ಕ್ಯಾಪಿನ ಅಂಚು ಸಾಮಾನ್ಯವಾಗಿ ಹೆಗಲಿಗಿಂತ ಒಂಚೂರು ಕೆಳಗಿರುತ್ತದೆ.

ಕತ್ತರಿ ಬೀಳಬೇಕಾದ್ದು ಹೆಗಲಿನ ಮೇಲ್ಗಡೆ. ತುದಿಯಿಂದ ಸುಮಾರು ಎರಡು ಮಿಲಿಮೀಟರ್, ಅಷ್ಟೇ. ಹಾಗೆ ಕತ್ತರಿಸಿದಾಗ ಕ್ಯಾಪಿನ ನೆತ್ತಿ ಮಾತ್ರ ಹೋಗುತ್ತದೆ. ಅದರ ಸುತ್ತಿನ ಭಾಗ ಉಂಗುರದ ಹಾಗೆ ಸಿಗಾರಿನ ಮೇಲೇ ಉಳಿದು ಹೊದಿಕೆಯನ್ನು ಕೊನೆಯವರೆಗೆ ಬಿಗಿಯಾಗಿ ಹಿಡಿದಿರುತ್ತದೆ. ಕ್ಯಾಪಿನ ಬಾಯಿ ತೆರೆಯುತ್ತಿದ್ದೇನೆ ಅಂದುಕೊಂಡು ಕತ್ತರಿಸಿ, ಕೈ ತಾನಾಗಿ ಹಗುರಾಗುತ್ತದೆ. ಎರಡು ಮಿಲಿಮೀಟರ್ ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ತಲೆ ದುಂಡಗಿರುವುದರಿಂದ ಅಷ್ಟು ತೆಗೆದರೂ ಬಾಯಿ ಸಾಕಷ್ಟು ಅಗಲ ತೆರೆಯುತ್ತದೆ. ಒಳಗಿನ ತಂಬಾಕಿನ ಮಡಿಕೆಗಳು ಚೆನ್ನಾಗಿ ಕಾಣಬೇಕು, ಸುತ್ತ ಹೊದಿಕೆಯ ಅಂಚು ಹರಿಯದೆ ನಯವಾಗಿರಬೇಕು.

ಇನ್ನು ಸಾಧನ. ಹೊಸಬರಿಗೆ ನಾನು ಹೇಳುವುದು ಒಂದೇ, ಎರಡು ಅಲಗಿನ ಗಿಲೋಟಿನ್ ಕಟ್ಟರ್. ಎರಡು ಕಡೆಯಿಂದ ಎರಡು ಅಲಗು ಬಂದು ನಡುವೆ ಸೇರುತ್ತವೆ. ಸಿಗಾರಿನ ಮೇಲೆ ಎರಡೂ ಕಡೆ ಒಂದೇ ಸಮ ಒತ್ತಡ ಬೀಳುವುದರಿಂದ ಅದು ಜಜ್ಜಿಹೋಗುವುದಿಲ್ಲ. ಒಂದೇ ಅಲಗಿನ ಅಗ್ಗದ ಕಟ್ಟರ್‌ಗಳೂ ಸಿಗುತ್ತವೆ. ಅವು ನಮ್ಮ ಮನೆಯ ಅಡಕತ್ತರಿಯ ಹಾಗೆ: ಒಂದು ಕಡೆ ಹರಿತ, ಇನ್ನೊಂದು ಕಡೆ ಬರೀ ಮೊಂಡು ಆಸರೆ. ಅಡಿಕೆ ಗಟ್ಟಿ, ತಡೆದುಕೊಳ್ಳುತ್ತದೆ. ಸಿಗಾರ್ ಮೆತ್ತಗಿನದು, ಆ ಕಡೆಯ ಗೋಡೆಗೆ ಒತ್ತಿಕೊಂಡು ಹೊದಿಕೆ ಸೀಳುತ್ತದೆ. ತಾತನ ಅಡಕತ್ತರಿ ಮನೆಯಲ್ಲಿದ್ದರೂ ದಯವಿಟ್ಟು ಈ ಕೆಲಸಕ್ಕೆ ತೆಗೆಯಬೇಡಿ.

ಪಂಚ್ ಕೆಟ್ಟದ್ದೇನಲ್ಲ. ಕ್ಯಾಪಿನ ನಡುವೆ ಏಳರಿಂದ ಒಂಬತ್ತು ಮಿಲಿಮೀಟರಿನ ಒಂದು ದುಂಡು ತೂತು ಮಾಡುತ್ತದೆ. ಅಂಚು ಮುಟ್ಟದ ಕಾರಣ ಎಲೆ ಬಿಚ್ಚುವ ಭಯ ಕಡಿಮೆ, ನಿಮಗೂ ಹಾಗೇ ಆಯಿತು. ತೊಂದರೆ ಬೇರೆ ಇದೆ. ಅಷ್ಟು ಸಣ್ಣ ಬಾಯಿಯಲ್ಲಿ ಇಡೀ ಸಿಗಾರಿನ ಹೊಗೆ ನುಗ್ಗಬೇಕು. ಹೊಗೆಯ ಜೊತೆ ಬರುವ ಜಿಗುಟು ಎಣ್ಣೆಯಂಥ ಟಾರ್ ಆ ತೂತಿನ ಸುತ್ತಲೇ ಕಟ್ಟಿಕೊಂಡು ನಾಲಿಗೆಗೆ ತಾಗುತ್ತದೆ. ಬಾಯಿ ಚಿಕ್ಕದಾದಾಗ ಗೊತ್ತಿಲ್ಲದೆಯೇ ಜೋರಾಗಿ, ಮೇಲಿಂದ ಮೇಲೆ ದಮ್ಮು ಎಳೆಯುತ್ತೇವೆ. ಆಗ ಕೆಂಡ ಜಾಸ್ತಿ ಕಾಯುತ್ತದೆ, ಅದರಿಂದಲೂ ಕಹಿ. ನಿಮಗೆ ಎರಡೂ ಸೇರಿ ಆಗಿರಬೇಕು. ನಿಮಿಷಕ್ಕೊಂದು ದಮ್ಮು ಸಾಕು. ಮುಂದೆ ಯಾವತ್ತಾದರೂ ಪಂಚ್ ಮಾಡಿದ ಸಿಗಾರ್ ಹೀಗೆ ಕಹಿಯಾದರೆ ಎಸೆಯಬೇಡಿ. ಒಂದು ಸಲ ಮೆಲ್ಲಗೆ ಹೊರಕ್ಕೆ ಊದಿ. ಆಗಲೂ ಸರಿಹೋಗದಿದ್ದರೆ ಕಟ್ಟರ್ ತಗೊಂಡು, ಹೆಗಲಿನ ಮೇಲೇ, ಆ ತೂತಿನ ಸಮೇತ ನೆತ್ತಿಯನ್ನು ತೆಗೆದುಬಿಡಿ. ಕಟ್ಟಿಕೊಂಡಿದ್ದ ಟಾರ್ ಹೋಗುತ್ತದೆ, ಬಾಯಿಯೂ ಅಗಲವಾಗುತ್ತದೆ.

ವಿ ಆಕಾರದ ಕಟ್ಟರ್ ಮೂರನೆಯದು. ತಲೆಯ ಮೇಲೆ ಉಳುಮೆಯ ಸಾಲಿನಂಥ ಒಂದು ತೋಡು ಕೊರೆಯುತ್ತದೆ. ಕೈ ಪಳಗಿದ ಮೇಲೆ ದಪ್ಪ ಸಿಗಾರಿಗೆ ಬಳಸಿ ನೋಡಬಹುದು. ಸಿಗಾರ್ ಕತ್ತರಿ ಅಂತ ಬೇರೆಯೇ ಬರುತ್ತದೆ, ಚೆನ್ನಾಗಿರುತ್ತದೆ, ಆದರೆ ಮೊದಲ ದಿನಕ್ಕೆ ಬೇಡ. ಹಲ್ಲಲ್ಲಿ ಕಚ್ಚುವುದು ನೋಡಲು ಗತ್ತಾಗಿ ಕಾಣುತ್ತದೆ ಅಷ್ಟೇ, ಎಲೆ ಎಲ್ಲಿ ಹರಿಯುತ್ತದೆ ಅಂತ ಹೇಳಲಾಗದು. ಟೂತ್‌ಪಿಕ್ ಚುಚ್ಚಿದರೆ ಒಳಗಿನ ತಂಬಾಕು ಪಕ್ಕಕ್ಕೆ ಒತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ.

ಕಟ್ಟರ್ ಇಲ್ಲವೇ ಇಲ್ಲ, ಸಿಗಾರ್ ಮಾತ್ರ ಕೈಯಲ್ಲಿದೆ ಅಂದರೆ ಚಾಕುವೇ ಗತಿ, ಆದರೆ ಬಳಸುವ ಕ್ರಮ ಬೇರೆ. ಚಾಕು ತುಂಬ ಹರಿತ ಇರಬೇಕು. ತರಕಾರಿ ಹೆಚ್ಚುವ ಹಾಗೆ ಮೇಲಿನಿಂದ ಒತ್ತಬೇಡಿ. ಸಿಗಾರಿನ ತಲೆಯ ಹತ್ತಿರ, ಹೆಗಲಿನ ಮೇಲೆ, ಅಲಗನ್ನು ಹಗುರಾಗಿ ಮುಟ್ಟಿಸಿ. ಚಾಕು ಅಲ್ಲೇ ಇರಲಿ, ಸಿಗಾರನ್ನು ಸುತ್ತ ತಿರುಗಿಸಿ. ಹೊದಿಕೆಯಷ್ಟು ಆಳಕ್ಕೆ ಮಾತ್ರ ಒಂದು ಗೆರೆ ಬಿದ್ದರೆ ಸಾಕು. ಆಮೇಲೆ ಆ ನೆತ್ತಿಯನ್ನು ಉಗುರಿನಿಂದ ಎತ್ತಿದರೆ ಮುಚ್ಚಳದ ಹಾಗೆ ಏಳುತ್ತದೆ. ನಿಧಾನದ ಕೆಲಸ, ಆದರೆ ಮೊಂಡು ಕಟ್ಟರಿಗಿಂತ ಎಷ್ಟೋ ಮೇಲು.

ಗಿಲೋಟಿನ್ ಹಿಡಿಯುವ ಬಗೆ ಹೇಳುತ್ತೇನೆ. ಕೂತು ಮಾಡಿ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ತೆಗೆಯಿರಿ, ಕಾಗದದ ಪಟ್ಟಿ ಹಾಗೇ ಇರಲಿ. ಆ ಪಟ್ಟಿಯನ್ನು ಈಗಲೇ ಎಳೆದರೆ ಅಂಟಿನ ಜೊತೆ ಎಲೆಯೂ ಕಿತ್ತು ಬರಬಹುದು. ಸೇದುತ್ತಾ ಬಿಸಿ ಅಲ್ಲಿಗೆ ಬಂದಾಗ ಅಂಟು ಸಡಿಲಾಗುತ್ತದೆ, ಆಗ ತಾನೇ ಕಳಚುತ್ತದೆ. ಸಿಗಾರಿನ ತಲೆಯನ್ನು ಒಂದೆರಡು ಸೆಕೆಂಡು ತುಟಿಯಿಂದ ಒದ್ದೆ ಮಾಡಿಕೊಳ್ಳಿ. ಒಣ ಎಲೆಗಿಂತ ಸ್ವಲ್ಪ ತೇವದ ಎಲೆ ಬಿರುಕು ಬಿಡದೆ ಕತ್ತರಿಸಿಕೊಳ್ಳುತ್ತದೆ. ಬೇರೆಯವರಿಗೆ ಕತ್ತರಿಸಿ ಕೊಡುವುದಾದರೆ ಶುದ್ಧ ನೀರಿನ ಬೆರಳು ಸವರಿ.

ಒಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಿಗಾರನ್ನು ತಲೆಯ ಹತ್ತಿರವೇ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಕಟ್ಟರ್. ಎರಡನ್ನೂ ಕಣ್ಣಿನ ಮಟ್ಟಕ್ಕೆ ತನ್ನಿ. ಸಿಗಾರಿನ ತಲೆಯನ್ನು ಕಟ್ಟರಿನ ತೂತಿನೊಳಗೆ ಇಟ್ಟು, ಅಲಗುಗಳು ಎಲೆಯನ್ನು ಸುಮ್ನೆ ಮುಟ್ಟುವಷ್ಟು ಮುಚ್ಚಿ. ಇಲ್ಲಿ ನಿಲ್ಲಿ. ಅಲಗು ಹೆಗಲಿನ ಮೇಲಿದೆಯಾ? ಸಿಗಾರ್ ಓರೆಯಾಗದೆ ಅಲಗಿಗೆ ನೇರವಾಗಿದೆಯಾ? ಇದೆ ಅಂತ ಆದಮೇಲೆ ಒಂದೇ ಏಟಿಗೆ, ಗಟ್ಟಿಯಾಗಿ, ಅನುಮಾನವಿಲ್ಲದೆ ಒತ್ತಿ. ನಿಧಾನವಾಗಿ ಒತ್ತಿದರೆ ಎಲೆ ಮೊದಲು ಜಜ್ಜಿ ಆಮೇಲೆ ಹರಿಯುತ್ತದೆ. ಹೆದರಿಕೆಯಿಂದ ಅರ್ಧಕ್ಕೆ ನಿಲ್ಲಿಸಿದರಂತೂ ಅಂಚು ಚಿಂದಿ. ಕತ್ತರಿಸಿದ ಮೇಲೆ ತಲೆಯನ್ನು ಕೆಳಗೆ ಮಾಡಿ ಬೆರಳಿನಿಂದ ಎರಡು ಸಲ ತಟ್ಟಿ, ಸಡಿಲವಾದ ಚೂರುಗಳು ಉದುರಲಿ.

ಕೈ ನಡುಗುತ್ತದೆ, ಅಂದಾಜು ಸಿಗುವುದಿಲ್ಲ ಅನ್ನುವವರಿಗೆ ಒಂದು ಉಪಾಯ ಇದೆ. ಕಟ್ಟರನ್ನು ತೆರೆದು ಮೇಜಿನ ಮೇಲೆ ಮಲಗಿಸಿ. ಸಿಗಾರನ್ನು ತಲೆಕೆಳಗಾಗಿ ಆ ತೂತಿನಲ್ಲಿ ನಿಲ್ಲಿಸಿ, ತಲೆ ಮೇಜನ್ನು ಮುಟ್ಟಲಿ. ಈಗ ಮುಚ್ಚಿ. ಮೇಜು ಅಡ್ಡ ಇರುವುದರಿಂದ ಅಲಗು ತುದಿಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಬೀಳುತ್ತದೆ. ತೆಳುವಾದ ಕಟ್ಟರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ದಪ್ಪ ಮೈಯ ಕಟ್ಟರ್ ಆದರೆ ಒತ್ತುವ ಮೊದಲು ಪಕ್ಕದಿಂದ ಬಗ್ಗಿ ನೋಡಿ, ಅಲಗು ಹೆಗಲಿಗಿಂತ ಕೆಳಗೆ ಬಂದಿದ್ದರೆ ಈ ಉಪಾಯ ಬಿಟ್ಟುಬಿಡಿ.

ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಬೆಂಕಿ ಇಲ್ಲದೆಯೇ ಒಂದು ದಮ್ಮು ಎಳೆಯಿರಿ. ಸ್ವಲ್ಪ ತಡೆ ಇರಬೇಕು, ಆದರೆ ಗಾಳಿ ಬರಬೇಕು. ಕೆನ್ನೆ ಒಳಗೆ ಹೋಗುವಷ್ಟು ಎಳೆಯಬೇಕಾಗಿ ಬಂದರೆ ಬಾಯಿ ಸಾಲದು, ಇನ್ನೊಂದು ಕೂದಲೆಳೆಯಷ್ಟು ತೆಗೆಯಿರಿ. ಕಡಿಮೆ ಕತ್ತರಿಸಿದ್ದನ್ನು ಯಾವಾಗ ಬೇಕಾದರೂ ಸರಿಮಾಡಬಹುದು. ಜಾಸ್ತಿ ಕತ್ತರಿಸಿದ್ದಕ್ಕೆ ದಾರಿ ಕಡಿಮೆ. ಹಾಗೆಯೇ, ಕತ್ತರಿಸಿದ ಸಿಗಾರನ್ನು ನಾಳೆಗೆ ಅಂತ ಇಡಬೇಡಿ, ತೆರೆದ ತಲೆಯಿಂದ ಬೇಗ ಒಣಗುತ್ತದೆ.

ದಮ್ಮಿನ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಇಟ್ಟುಕೊಂಡು ಬಿಡುತ್ತಾರೆ. ಹಾಗಂತ ಅದು ಸುರಕ್ಷಿತ ಅಂದುಕೊಳ್ಳಬೇಡಿ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು, ನಿಕೋಟಿನ್ ಚಟವೂ ಹಾಗೇ ಹತ್ತುತ್ತದೆ. ಅಪರೂಪಕ್ಕೊಮ್ಮೆಯೇ ಇರಲಿ, ಮನೆಯಲ್ಲಿ ಮಕ್ಕಳಿದ್ದರೆ ಒಳಗೆ ಹಚ್ಚಲೇಬೇಡಿ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ ಇದೆ.

ಕತ್ತರಿಸುವಾಗ ಎಲೆ ಬಿರುಕು ಬಿಡುವುದಕ್ಕೆ ಎಷ್ಟೋ ಸಲ ಕಟ್ಟರ್ ಕಾರಣವೇ ಅಲ್ಲ, ಸಿಗಾರ್ ಒಣಗಿರುತ್ತದೆ. ನೀವು ಮೈಸೂರಿನವರು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿರಬಹುದು. ಆ ಸೊಪ್ಪು ಸಿಗರೇಟಿನದು, ಬಿಸಿಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಬೇಯಿಸುತ್ತಾರೆ. ಸಿಗಾರಿನ ಎಲೆಯನ್ನು ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಆರಿಸಿ, ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ದಾರಿ ಬೇರೆಯಾದರೂ ಎಲೆಯ ಸ್ವಭಾವ ಒಂದೇ. ಬ್ಯಾರನ್‌ನಲ್ಲಿ ಬೆಂದ ಎಲೆಯನ್ನು ನಮ್ಮ ರೈತರು ಕೂಡಲೇ ಮುಟ್ಟುವುದಿಲ್ಲ. ಬಾಗಿಲು ತೆರೆದಿಟ್ಟು, ಎಲೆ ಗಾಳಿಯ ತೇವ ಕುಡಿದು ಹದಕ್ಕೆ ಬರುವವರೆಗೆ ಕಾಯುತ್ತಾರೆ. ಅದಕ್ಕೆ ಮೊದಲು ಕೈ ಹಾಕಿದರೆ ಪುಡಿಪುಡಿ. ನಿಮ್ಮ ಸಿಗಾರಿಗೂ ಆ ಹದ ಬೇಕು.

ಸಿಗಾರಿಗೆ ಸರಿಹೊಂದುವ ತೇವ 65ರಿಂದ 70 ಪ್ರತಿಶತ. ಮಾರ್ಚ್ ಬಿಸಿಲಿನಲ್ಲಿ ಮೈಸೂರಿನ ಗಾಳಿಯಲ್ಲಿ ಅಷ್ಟು ಇರುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಅಲ್ಲಿ ಸಿಗಾರ್ ಉಬ್ಬಿ ದಮ್ಮೇ ಬಾರದ ಹಾಗಾಗುತ್ತದೆ. ಮರದ ಪೆಟ್ಟಿಗೆಗೆ ದುಡ್ಡು ಹಾಕಬೇಕಾಗಿಲ್ಲ. ಗಾಳಿಯಾಡದ, ವಾಸನೆಯಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವವನ್ನು 69 ಪ್ರತಿಶತದಲ್ಲಿ ಹಿಡಿದಿಡುವ ಬೋವೆಡಾದಂಥ ಕಂಪನಿಯ ಪ್ಯಾಕೆಟ್ ಒಂದು, ಇಷ್ಟು ಸಾಕು. ಎರಡು ವಾರ ಬಿಟ್ಟು ನೋಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಒಣಗುತ್ತದೆ, ಸಾರಿನ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಹದ ತಿಳಿಯಲು ಎರಡು ಬೆರಳಿನಲ್ಲಿ ಮೆಲ್ಲಗೆ ಅದುಮಿ ಕಿವಿಯ ಹತ್ತಿರ ಹಿಡಿಯಿರಿ. ಚರಚರ ಅಂದರೆ ಇನ್ನೂ ಒಣಗಿದೆ. ಅದುಮಿದ್ದು ಹಾಗೇ ತಗ್ಗಾಗಿ ಉಳಿದರೆ ತೇವ ಜಾಸ್ತಿ. ಅದುಮಿದಷ್ಟೂ ಮೆಲ್ಲಗೆ ಮೇಲೆ ಬಂದರೆ ಕತ್ತರಿಸಬಹುದು.

ಮೊನಚು ತಲೆಯ ಎರಡನ್ನು ಕೊನೆಗೆ ಇಟ್ಟುಕೊಳ್ಳಿ. ಇವನ್ನು ಟಾರ್ಪಿಡೊ, ಪಿರಾಮಿಡ್ ಅಂತೆಲ್ಲ ಕರೆಯುತ್ತಾರೆ. ಕ್ಯೂಬಾದ ಮಾಂಟೆಕ್ರಿಸ್ಟೊ ನಂ. 2 ಇದರಲ್ಲಿ ಹೆಸರುವಾಸಿ: ಉದ್ದ 156 ಮಿಲಿಮೀಟರ್, ದಪ್ಪ 52 ರಿಂಗ್. ಒಂದು ಇಂಚನ್ನು 64 ಭಾಗ ಮಾಡಿ ಅಳೆಯುವುದು ರಿಂಗ್, ಅಂದರೆ 52 ರಿಂಗ್ ಸುಮಾರು 20.6 ಮಿಲಿಮೀಟರ್. ಇವುಗಳ ತಲೆ ಉದ್ದಕ್ಕೆ ಸಣ್ಣಗಾಗುತ್ತಾ ಹೋಗುವುದರಿಂದ ಹೆಗಲು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಎರಡು ಮಿಲಿಮೀಟರಿನ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ, ಅಷ್ಟು ತೆಗೆದರೆ ತೂತು ತೀರಾ ಸಣ್ಣದು, ಮತ್ತೆ ಅದೇ ಕಹಿ. ತುದಿಯಿಂದ ಐದಾರು ಮಿಲಿಮೀಟರಿನಲ್ಲಿ ನೇರವಾಗಿ ಕತ್ತರಿಸಿ, ದಮ್ಮು ಎಳೆದು ನೋಡಿ, ಬಿಗಿ ಅನ್ನಿಸಿದರೆ ಇನ್ನೊಂದು ಮಿಲಿಮೀಟರ್. ಮೈಯ ದಪ್ಪದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಾಯಿ ತೆರೆದರೆ ಸಾಕು. ಕೆಲವರು ಓರೆಯಾಗಿ ಕತ್ತರಿಸುತ್ತಾರೆ, ಬಾಯಿ ಅಗಲ ಸಿಗುತ್ತದೆ, ಆದರೆ ಒಂದು ಕಡೆ ಕ್ಯಾಪಿನ ಅಂಚಿಗೆ ತೀರಾ ಹತ್ತಿರ ಹೋಗುತ್ತದೆ. ಈ ಮೊನಚಿಗೆ ಪಂಚ್ ಹಾಕಲು ಹೋಗಬೇಡಿ, ಕೂರುವುದೇ ಇಲ್ಲ. ತಲೆಯ ಮೇಲೆ ಜುಟ್ಟಿನ ಹಾಗೆ ತಿರುಚಿದ ಎಲೆ ಇರುವ ಸಿಗಾರ್ ಇನ್ನೊಂದು ಬಗೆ, ಕ್ಯೂಬಾದ ಕೊಹೀಬಾ ಬ್ರ್ಯಾಂಡಿನ ಲ್ಯಾನ್ಸೆರೊ ಸಿಗಾರಿನಲ್ಲಿ ಇರುತ್ತದೆ. ಆ ಜುಟ್ಟಿನ ಬುಡದಿಂದ ಸ್ವಲ್ಪ ಕೆಳಗೆ ಕತ್ತರಿಸಿದರೆ ಆಯಿತು.

ಇಷ್ಟೆಲ್ಲ ಮಾಡಿಯೂ ಯಾವಾಗಲಾದರೂ ಹೊದಿಕೆ ಏಳಲು ಶುರುವಾದರೆ, ಅಂಟಿನುಂಡೆಗೆ ಹಾಕುವ ಅಂಟು ಮನೆಯಲ್ಲಿದ್ದರೆ ಕಡಲೆಕಾಳಿನಷ್ಟನ್ನು ಸ್ವಲ್ಪವೇ ನೀರಿನಲ್ಲಿ ನೆನೆಹಾಕಿ. ಕರಗಿ ಮಂದವಾದ ಮೇಲೆ ಬೆರಳ ತುದಿಯಿಂದ ಎದ್ದ ಎಲೆಯ ಒಳಗಡೆ ಸವರಿ, ಸುತ್ತಿದ ದಿಕ್ಕಿನಲ್ಲೇ ಒತ್ತಿ ಹಿಡಿಯಿರಿ. ತಿನ್ನುವ ಪದಾರ್ಥ, ಬಾಯಿಗೆ ತಾಗಿದರೂ ತೊಂದರೆಯಿಲ್ಲ. ಫೆವಿಕಾಲ್, ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ, ಅವು ಸುಟ್ಟರೆ ಆ ಹೊಗೆ ನಿಮ್ಮ ಬಾಯಿಗೇ ಬರುತ್ತದೆ.

ಕಟ್ಟರ್ ಕೊಳ್ಳುವಾಗ ಎರಡು ವಿಷಯ ನೋಡಿ. ಅಲಗು ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು, ತೆರೆದು ಮುಚ್ಚುವಾಗ ಲಟಪಟ ಅನ್ನಬಾರದು. ತೂತು ಕನಿಷ್ಠ 22 ಮಿಲಿಮೀಟರ್ ಇರಲಿ, ಆಗ ನಿಮ್ಮ ಮೊನಚು ಸಿಗಾರ್ ಕೂಡ ಹಿಡಿಸುತ್ತದೆ. ಬಳಸಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಅಲಗು ಒರೆಸಿ ಒಣಗಿಸಿ, ಜಿಗುಟು ಉಳಿದರೆ ಮುಂದಿನ ಸಲ ಎಲೆಯನ್ನು ಎಳೆಯುತ್ತದೆ. ಮುಂದಿನ ಸಲ ಬರುವಾಗ ತಮ್ಮನಿಗೇ ತರಲು ಹೇಳುವುದಾದರೆ, ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಲು ಹೇಳಿ. ಕೈಚೀಲದಲ್ಲಿದ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುವ ಸಾಧ್ಯತೆ ಇದೆ.